ಕೌದಿ ಬಾಲದ ಮನೆ

"ನಿಮ್ಮ ಮನಿ ಬಾಗಲಾ ಯಾವ ದಿಕ್ಕಿಗೆ ಐತ್ರಿ?" ಎಂದು ಯಾರಾದರೂ ಕೇಳಿದರೆ ಬೀಸನಾಳದವರು ತಟ್ಟನೆ ಉತ್ತರ ಕೊಡುವುದಿಲ್ಲ. ಮೊದಲು ಮರದ ಎಲೆ ನೋಡುತ್ತೇವೆ, ಆಮೇಲೆ ಕೇಳಿದವರ ಮುಖ ನೋಡುತ್ತೇವೆ. "ಈಗಂತೂ ಮೂಡಲಕ್ಕೈತ್ರಿ. ನೀವು ಚಾ ಕುಡಿಯೂದ್ರಾಗ ಎಲ್ಲಿಗೆ ಹೊಕ್ಕೈತೋ ಹೇಳಾಕ ಬರೂದಿಲ್ಲ" ಎನ್ನುತ್ತೇವೆ. ಕೇಳಿದವರಿಗೆ ತಲೆ ತಿರುಗುತ್ತದೆ. ನಮಗೆ ಮನೆಯೇ ತಿರುಗುತ್ತದೆ.

ಕಪ್ಪತಗುಡ್ಡದ ಕಡೆಯ ಗಾಳಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡದ ಮೇಲೆ ಗಾಳಿಯಂತ್ರಗಳು ರಾಜರ ಹಾಗೆ ಕೈ ಬೀಸುತ್ತ ನಿಂತಿದ್ದರೆ, ಕೆಳಗೆ ನಮ್ಮ ತಗಡಿನ ಶೆಡ್ಡುಗಳು ಪ್ರತಿ ಆಷಾಢದಲ್ಲೂ ಪಕ್ಕದ ಊರಿಗೆ ಹಾರಿ ಹೋಗುತ್ತಿದ್ದವು. ನಾವು ಹಿಂದೆ ಓಡುತ್ತಿದ್ದೆವು. ಇದನ್ನು ಕಂಡ ಒಬ್ಬ ವಾಸ್ತುಶಿಲ್ಪಿಗೆ ಒಂದು ಪ್ರಶ್ನೆ ಹುಟ್ಟಿತು: ಮನೆ ಗಾಳಿಯ ಜೊತೆ ಗುದ್ದಾಡುವುದನ್ನು ಬಿಟ್ಟು ಅದು ಹೇಳಿದ ಕಡೆ ತಿರುಗಿದರೆ?

ಆ ವಾಸ್ತುಶಿಲ್ಪಿಯ ಹೆಸರು ಸುಮಿತ್ರಾ ಹೊಳ್ಳ. ಕರಾವಳಿಯವರು. ಅವರು ಕಟ್ಟಿದ್ದು ಗಾಳಿಗೋಪುರವಲ್ಲ, ಗಾಳಿಮನೆ. ಬಿದಿರಿನ ಹಂದರ, ಅದಕ್ಕೆ ಪುಂಡಿನಾರು ಮತ್ತು ಸುಣ್ಣ ಮೆತ್ತಿದ ಹಗುರ ಗೋಡೆ. ಇಡೀ ಮನೆ ಒಂದು ಕಬ್ಬಿಣದ ಬಳೆಯ ಮೇಲೆ, ಉರುಳೆಗಳ ಮೇಲೆ ಕುಳಿತಿರುತ್ತದೆ. ಬೆನ್ನು ದೋಣಿಯ ಮೂತಿಯಂತೆ ಚೂಪು. ಮುಂದೆ, ಬಾಗಿಲ ಎರಡೂ ಪಕ್ಕಕ್ಕೆ, ಮೊರದ ಆಕಾರದ ದೊಡ್ಡ ರೆಕ್ಕೆಗಳು. ಊರವರು ಅವುಗಳಿಗೆ ಕಿವಿ ಎಂದು ಹೆಸರಿಟ್ಟರು. ಗಾಳಿ ಕಿವಿಗಳನ್ನು ಹಿಡಿದು ತನ್ನ ದಾರಿಯಿಂದ ಆಚೆಗೆ ತಳ್ಳುತ್ತದೆ. ಹಾಗಾಗಿ ಮನೆಯ ಬೆನ್ನು ಗಾಳಿಗೆ, ಬಾಗಿಲು ಅದರ ವಿರುದ್ಧ ದಿಕ್ಕಿಗೆ. ಧೂಳು ಒಳಗೆ ಬರುವುದಿಲ್ಲ, ತಗಡು ಹಾರುವುದಿಲ್ಲ. ಕಿವಿಗಳು ಅಲುಗಾಡಿದ ರಭಸಕ್ಕೆ ಕೆಳಗಿನ ಡೈನಮೋ ತಿರುಗಿ ಎರಡು ಬಲ್ಬು, ಒಂದು ಫ್ಯಾನು, ಮನೆಮಂದಿಯ ಮೊಬೈಲುಗಳಿಗೆ ಕರೆಂಟು.

ಇಷ್ಟರಲ್ಲಿ ಗೊಂದಲವೇನು ಎಂದು ಕೇಳಬೇಡಿ. ಏನಿಲ್ಲ ಎಂದು ಕೇಳಿ. ಬೆಳಿಗ್ಗೆ ಬಾಗಿಲ ಮುಂದೆ ಹಾಕಿದ ರಂಗೋಲಿ ಮಧ್ಯಾಹ್ನ ಹಿತ್ತಲಲ್ಲಿರುತ್ತಿತ್ತು. ತೆಂಕಣಕ್ಕೆ ತಲೆ ಹಾಕಿ ಮಲಗಿದವರು ಬಡಗಣಕ್ಕೆ ತಲೆಯಿಟ್ಟು ಏಳುತ್ತಿದ್ದರು. ಅಂಚೆಯವನು ಮನೆಯನ್ನು ಒಂದು ಸುತ್ತು ಹಾಕಿ, "ಬಾಗಲಾ ಎಲ್ಲಿ ಇಟ್ಟೀರಿ ಯಪ್ಪಾ?" ಎಂದು ಕೂಗುತ್ತಿದ್ದ. ವಾಸ್ತು ನೋಡುವ ಸ್ವಾಮಿಯೊಬ್ಬರು ಬಂದು, ದಿಕ್ಸೂಚಿ ಹಿಡಿದು, "ಬಾಗಿಲು ನೈರುತ್ಯಕ್ಕೆ ಬಂದದ, ಮನೆಗೆ ದೋಷ..." ಎನ್ನುವಷ್ಟರಲ್ಲಿ ಬಾಗಿಲು ಈಶಾನ್ಯಕ್ಕೆ ಹೋಯಿತು. ದೋಷವೂ ಹೋಯಿತು, ದಕ್ಷಿಣೆಯೂ ಹೋಯಿತು.

ನಾನು ಗುರುಲಿಂಗ ಬಳಿಗಾರ. ಧಾರವಾಡದಲ್ಲಿ ಬಿ.ಎಸ್‌ಸಿ. ಮುಗಿಸಿದವನು. ಪದವಿಯಲ್ಲಿ ಭೌತಶಾಸ್ತ್ರ, ಕಾಲೇಜಿನ ಗ್ಯಾದರಿಂಗಿನಲ್ಲಿ ಮಿಮಿಕ್ರಿ. ಭೌತಶಾಸ್ತ್ರಕ್ಕಿಂತ ಮಿಮಿಕ್ರಿಯಲ್ಲೇ ಹೆಚ್ಚು ಅಂಕ ಬರುತ್ತಿದ್ದುದರಿಂದ ಮನೆ ತಿರುಗುವ ಊರಿನಲ್ಲಿ ಮಾತು ತಿರುಚುವ ಕೆಲಸ ಸಿಕ್ಕಿತು. ಗುಡ್ಡದ ಮೇಲಿನ ನಿಯಂತ್ರಣ ಕೋಣೆಯಲ್ಲಿ ಕೂತು ಪರದೆಯ ಮೇಲೆ ಎಲ್ಲ ಮನೆಗಳ ದಿಕ್ಕು ತೋರಿಸುವ ಮುಳ್ಳು ನೋಡುವುದು, ಬೇಕಾದಾಗ ಬ್ರೇಕು ಹಾಕುವುದು. ಜೊತೆಗೆ ಎಚ್ಚರಿಕೆಯ ದನಿ. ಮನೆ ತಿರುಗುವಾಗ ಹೊಸ್ತಿಲಿನಿಂದ ಇಳಿಬಿದ್ದ ಮೆಟ್ಟಿಲು ಸುತ್ತಲಿನ ಕಲ್ಲುಗಳನ್ನು ಸವರಿಕೊಂಡು ಹೋಗುತ್ತದೆ. ನಡುವೆ ಸಿಕ್ಕ ಹಿತ್ತಾಳೆ ಕೊಡವೊಂದು ಮೊದಲ ತಿಂಗಳೇ ತಾಟಾಗಿತ್ತು. ಕಾಲು ಸಿಕ್ಕರೆ ಏನಾದೀತು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದ್ದರಿಂದ ಪ್ರತಿ ಮನೆಯ ಚಾವಣಿಗೂ ಒಂದು ಸ್ಪೀಕರು. ತಿರುಗುವ ಮೊದಲು ಅದು ತಾನಾಗಿಯೇ ಕೂಗಬೇಕು.

ಯಂತ್ರದ ದನಿಯಲ್ಲಿ ಕೂಗಿಸಿದರೆ ಜನ ಕೇಳುತ್ತಾರೆಯೇ? ನಾನು ಮನೆಮನೆಗೂ ಒಂದೊಂದು ದನಿ ಕೊಟ್ಟೆ. ಒಂದು ಮನೆಗೆ ಗದಗ ಬಸ್ಸಿನ ಕಂಡಕ್ಟರು: "ಫುಟ್‌ಬೋರ್ಡ್ ಬಿಡ್ರಿ, ಒಳಗ ಜಾಗಾ ಐತಿ!" ಇನ್ನೊಂದಕ್ಕೆ ಹಿಟ್ಟಿನ ಗಿರಣಿಯ ಮಾಲೀಕ. ಹನ್ನೆರಡನೇ ನಂಬರು ನಮ್ಮದೇ ಮನೆ. ಅದಕ್ಕೆ ನನ್ನ ಅವ್ವ ಶಾಂತವ್ವನದೇ ದನಿ: "ಏ, ಕಾಲ ತಗಿತೀಯೋ ಇಲ್ಲೋ!" ಹದಿಮೂರನೆಯದಕ್ಕೆ ನನ್ನ ಕಲೆಯನ್ನೆಲ್ಲ ಸುರಿದಿದ್ದೆ. ಅಲ್ಲಿರುವವಳು ಹುಸೇನಬಿ ಚಾಚಿ, ಅವ್ವನ ಜೀವದ ಗೆಳತಿ. ಅವಳ ಗಂಡ ಮಾಬುಸಾಬ ಟಾಂಗಾ ಹೊಡೆಯುತ್ತಿದ್ದವನು, ತೀರಿಕೊಂಡು ಬಹಳ ಕಾಲವಾಗಿತ್ತು. ಅವನ ಡೋಲಿನಂಥ ದನಿ ನನಗೆ ಚಿಕ್ಕಂದಿನಿಂದ ಕಂಠಪಾಠ. "ಹುಸೇನಾ, ಹುಷಾರ್! ಗಾಡಿ ಹೊಂಟೈತಿ!" ಎಂದು ಮುದ್ರಿಸಿದೆ. ಮೊದಲ ದಿನ ಅದನ್ನು ಹಾಕಿದಾಗ ನೆರೆದವರೆಲ್ಲ ಚಾಚಿಯ ಮುಖವನ್ನೇ ನೋಡಿದರು. ಅವಳು ಎಲ್ಲರನ್ನೂ ನೋಡಿ ನಕ್ಕಳು. ಕಣ್ಣೀರು ಬರಲಿಲ್ಲವಲ್ಲ ಎಂದು ಕಲಾವಿದನಾದ ನನಗೆ ಸ್ವಲ್ಪ ನಿರಾಸೆಯಾಯಿತು.

ಇಷ್ಟಾದ ಮೇಲೆ ಆ ಬೇಸಿಗೆಯ ಕೊನೆಗೆ ಹನ್ನೆರಡನೇ ನಂಬರಿನ ಮುಳ್ಳು ಉಲ್ಟಾ ತೋರಿಸತೊಡಗಿತು.

ಗಾಳಿ ಪಡುವಣದಿಂದ. ಎಲ್ಲ ಮನೆಗಳೂ ಬೆನ್ನು ಪಡುವಣಕ್ಕೆ, ಬಾಗಿಲು ಮೂಡಣಕ್ಕೆ ಮಾಡಿ ಶಿಸ್ತಾಗಿ ನಿಂತಿವೆ. ನಮ್ಮ ಮನೆಯೊಂದೇ ಗಾಳಿಗೆ ಮುಖ ಕೊಟ್ಟು ನಿಂತಿದೆ. ನಿಂತಿದೆ ಎನ್ನುವುದೂ ತಪ್ಪು. ಇತ್ತ ಸ್ವಲ್ಪ, ಅತ್ತ ಸ್ವಲ್ಪ, ಮರೆತದ್ದನ್ನು ನೆನಪಿಸಿಕೊಳ್ಳುವವರ ಹಾಗೆ ತೂಗಾಡುತ್ತಿದೆ.

ಹೊಳ್ಳ ಮೇಡಂ ಪರದೆಯನ್ನು ಬೆರಳಿನಿಂದ ಕುಟ್ಟಿದರು. "ಎಂತದಿದು ಗುರುಲಿಂಗ? ನಿಮ್ಮ ಮನೆಗೆ ಎಂತ ಆಗಿದೆ?"

"ಗೊತ್ತಿಲ್ರಿ ಮೇಡಂ. ಓಣ್ಯಾಗ ಎಲ್ಲಾರೂ ಮನಿಗೆ ಗಾಳಿ ಬಡದೈತಿ ಅನ್ನಾಕತ್ತಾರ."

"ಗಾಳಿ ಬಡಿಲಿಕ್ಕೇ ಅಲ್ವಾ ಮಾರಾಯ ನಾನು ಕಟ್ಟಿದ್ದು!"

"ಆ ಗಾಳಿ ಅಲ್ರಿ. ದೆವ್ವದ ಗಾಳಿ."

ಮೇಡಂ ತಲೆಗೆ ಕೈ ಹಚ್ಚಿದರು. ಅವರ ಚಿಂತೆ ದೆವ್ವದ್ದಲ್ಲ, ಸಮಿತಿಯದು. ಆಷಾಢದ ಗಾಳಿ ಜೋರಾಗುವ ಮೊದಲು ಪರೀಕ್ಷಾ ಸಮಿತಿ ಬರುವುದಿತ್ತು. ಗಾಳಿಯ ಮಾತು ಕೇಳದ ಮನೆಯನ್ನು ಖಾಲಿ ಮಾಡಿಸಿ ಬೋಲ್ಟು ಜಡಿದು ಬೀಗ ಹಾಕುವುದು ಅವರ ನಿಯಮ. ಬರೀ ಹಟಮಾರಿ ನಿಯಮವೂ ಅಲ್ಲ. ಹೀಗೆ ತೂಗಾಡುವ ಮನೆ ದೊಡ್ಡ ಗಾಳಿಗೆ ಸಿಕ್ಕರೆ ಉರುಳೆಗಳು ಬಳೆಯಿಂದ ಜಾರಿ ಮನೆ ಮಗ್ಗುಲಾಗಬಹುದು. ಅಂದರೆ ಹನ್ನೆರಡನೆಯದು ಸರಿಹೋಗದಿದ್ದರೆ ಅವ್ವ ಮತ್ತು ನಾನು ಮತ್ತೆ ತಗಡಿನ ಶೆಡ್ಡಿಗೆ.

ಎರಡು ಸಲ ಗುಡ್ಡ ಇಳಿದು ಹೋಗಿ ನೋಡಿದೆ. ಎರಡೂ ಸಲ ಮನೆ ಸರಿಯಾಗಿ ತಿರುಗಿ ನಿಂತಿತ್ತು. ಉರುಳೆಗಳಿಗೆ ಗ್ರೀಸು ಬಳಿದೆ, ಕಿವಿಗಳನ್ನು ಎಳೆದು ನೋಡಿದೆ, ಡೈನಮೋ ಬಿಚ್ಚಿ ಮತ್ತೆ ಕೂಡಿಸಿದೆ. ಕೂಡಿಸಿದ ಮೇಲೆ ಒಂದು ನಟ್ಟು ಉಳಿಯಿತು. ಅವ್ವ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

"ಅವ್ವಾ, ಮಧ್ಯಾಹ್ನ ಮನಿ ಆ ಕಡೆ ತಿರಗಿತ್ತೇನ?"

"ತಿರಗೂ ಮನಿ ಅಂತ ಕೊಟ್ಟಾರ. ತಿರಗದ ಏನ ಮಾಡ್ಬೇಕು, ನಿನ್ನಂಗ ಗುಡ್ಡದ ಮ್ಯಾಲ ಕುಂದರಬೇಕೇನ?"

ಮೇಲೆ ಹೋಗಿ ನೋಡಿದರೆ ಮುಳ್ಳು ಮತ್ತೆ ಉಲ್ಟಾ. ಮೇಡಂ ಸೆನ್ಸರು ಬದಲಿಸಿದರು. ಹೊಸ ಸೆನ್ಸರೂ ಅದೇ ಸುಳ್ಳು ಹೇಳಿತು. ಕ್ಯಾಮೆರಾ ಹಾಕೋಣವೆಂದರೆ, ಓಣಿಯ ಹೆಂಗಸರು ಮೊದಲೇ ಹೇಳಿಟ್ಟಿದ್ದರು: ಬಾಗಿಲಿಗೆ ಕ್ಯಾಮೆರಾ ಇಟ್ಟರೆ ತಾವು ಕಸಬರಿಗೆ ಹಿಡಿದು ಗುಡ್ಡ ಹತ್ತುತ್ತೇವೆ ಎಂದು. ಗಾಳಿಯ ವಿಜ್ಞಾನ ಓದಿದ ಇಬ್ಬರು, ಒಂದು ಪುಟ್ಟ ಮನೆಯ ಮುಂದೆ ದಿಕ್ಕುಗೆಟ್ಟು ಕೂತಿದ್ದೆವು.

ಮೂರನೆಯ ಸಲ ನನ್ನ ಮೊಪೆಡ್ಡು ಸ್ಟಾರ್ಟ್ ಆಗಲಿಲ್ಲ. ಬೈಯುತ್ತ ನಡೆದುಕೊಂಡೇ ಇಳಿದೆ. ಆ ಮೊಪೆಡ್ಡು ಕೆಟ್ಟದ್ದೇ ಒಳ್ಳೆಯದಾಯಿತು. ಏಕೆಂದರೆ ಅದರ ಸದ್ದು ನನಗಿಂತ ಮೊದಲು ಊರು ಮುಟ್ಟುತ್ತಿತ್ತು ಎಂಬುದು ನನಗೆ ತಿಳಿದದ್ದೇ ಆಗ.

ಓಣಿಯ ತಿರುವಿನಲ್ಲಿ ನಿಂತುಬಿಟ್ಟೆ. ನಮ್ಮ ಮನೆಯ ಚೂಪು ಬೆನ್ನಿನಿಂದ ಒಂದು ಉದ್ದನೆಯ ಬಿದಿರು ಹೊರಗೆ ಚಾಚಿತ್ತು. ಅದಕ್ಕೆ ಎರಡು ಹಾಸಿಗೆಯಗಲದ ಬಣ್ಣಬಣ್ಣದ ಕೌದಿ. ಗಾಳಿ ಅದನ್ನು ಹಿಡಿದು ಎಳೆಯುತ್ತಿತ್ತು. ಕಿವಿಗಳು ಮನೆಯನ್ನು ಒಂದು ಕಡೆ ತಳ್ಳುತ್ತಿದ್ದರೆ ಕೌದಿ ಅದಕ್ಕಿಂತ ಜೋರಾಗಿ ಇನ್ನೊಂದು ಕಡೆ. ನಮ್ಮ ಮನೆಗೆ ಬಾಲ ಬಂದಿತ್ತು, ಅದೂ ತಪ್ಪು ಜಾಗದಲ್ಲಿ!

ಬಾಗಿಲು ಪಡುವಣಕ್ಕೆ ತಿರುಗಿ, ಹದಿಮೂರನೇ ನಂಬರಿನ ಬಾಗಿಲಿಗೆ ಎದುರುಬದುರಾಗಿತ್ತು. ಇಡೀ ಓಣಿಯಲ್ಲಿ ಹಾಗೆ ಎದುರು ಕೂತವರು ಅವರಿಬ್ಬರೇ. ಈ ಹೊಸ್ತಿಲಲ್ಲಿ ಅವ್ವ, ಆ ಹೊಸ್ತಿಲಲ್ಲಿ ಚಾಚಿ. ಅವ್ವ ಬಾಯನ್ನು ದೊಡ್ಡದಾಗಿ ತೆರೆದು, ದನಿಯೇ ಇಲ್ಲದೆ ಏನೋ ಹೇಳುತ್ತಿದ್ದಳು. ಚಾಚಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಅವ್ವ ಎರಡೂ ಕೈ ಎತ್ತಿದಳು. ಚಾಚಿ ತಕ್ಷಣ ಕಾಲು ಮೇಲೆಳೆದುಕೊಂಡಳು. ಅದೇ ಗಳಿಗೆಗೆ ಮಾಬುಸಾಬನ ದನಿ ಕೂಗಿತು, ಹದಿಮೂರನೆಯ ಮನೆ ಗೇಣಷ್ಟು ತಿರುಗಿತು. ಚಾಚಿ ಸ್ಪೀಕರಿನ ಕಡೆ ತಲೆ ಕೂಡ ಎತ್ತಲಿಲ್ಲ.

ಭೌತಶಾಸ್ತ್ರ ಓದಿದವನಿಗೆ ಇಷ್ಟು ಸಾಕಿತ್ತು. ನನಗೆ ಸಾಕಾಗಲಿಲ್ಲ.

"ಅವ್ವಾ! ಏನ್ ನಡಸೀರಿ ಇದು?"

ಅವ್ವ ಬೆಚ್ಚಿದಳು. "ನಿನ್ನ ಫಟಫಟಿ ಎಲ್ಲಿ?" ಎಂದಳು, ಕಳ್ಳತನದಲ್ಲಿ ಸಿಕ್ಕವಳ ಬದಲು ನಾನೇ ಕಳ್ಳನೆಂಬಂತೆ. ಒಳಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದಳು. ಯಾಕೆ ತಗ್ಗಿಸಿದಳೋ, ಕೇಳಬಾರದವಳಿಗೆ ಕೇಳುತ್ತಿರಲಿಲ್ಲ.

"ಹುಸೇನಾಗ ಕೇಳಸೂದಿಲ್ಲೋ ಗುರ್ಯಾ. ಹೋದ ವರ್ಷದಿಂದ ಕಡಿಮಿ ಆಗಿ ಆಗಿ, ಈಗ ಒಂದ ಅಕ್ಷರಾನೂ ಇಲ್ಲ. ತುಟಿ ನೋಡಿ ತಿಳಕೊಂತಾಳ."

"ಹಂಗಾದ್ರ ಹೇಳಬೇಕಿಲ್ಲೇನ?"

"ಹೇಳಿದ್ರ ಮನಿ ಕೊಡ್ತಾರೇನ? ಎಚ್ಚರಿಕಿ ಕೇಳಸದವರಿಗೆ ತಿರಗೂ ಮನಿ ಇಲ್ಲ ಅಂತ ಮೊದಲನೇ ದಿನಾನ ನೀನ ಮೈಕ್‌ನ್ಯಾಗ ಒದರಿದ್ದಿ. ಮನಿ ಹಂಚಾಕ ಬಂದಿದ್ದ ಆ ದೇಸಾಯರ ದನಿ ಮಾಡಿ."

ಒದರಿದ್ದೆ. ಎಲ್ಲರೂ ನಕ್ಕಿದ್ದರು. ಚಾಚಿಯೂ.

ಉಳಿದದ್ದನ್ನು ಅವ್ವ ಹೇಳಿದಳು. ಹಳೆಯ ಶೆಡ್ಡುಗಳು ಎದುರುಬದುರಾಗಿದ್ದವು. ಇಬ್ಬರೂ ಒಂದೇ ಕೌದಿ ಹಾಸಿಕೊಂಡು, ಅವ್ವ ಈ ತುದಿಯಿಂದ, ಚಾಚಿ ಆ ತುದಿಯಿಂದ ಹೊಲಿಯುತ್ತ ಬರುತ್ತಿದ್ದರು. ನಡುವೆ ಸೂಜಿಗಳು ಕೂಡಿದಾಗ ಕೌದಿ ಮುಗಿಯುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ. ಗಾಳಿಮನೆಗೆ ಬಂದ ಮೇಲೆ ಎಲ್ಲರ ಬಾಗಿಲೂ ಒಂದೇ ದಿಕ್ಕಿಗೆ. ಯಾರು ಬಾಗಿಲಲ್ಲಿ ಕೂತರೂ ಕಾಣುವುದು ಮುಂದಿನ ಮನೆಯ ಬೆನ್ನು. "ಬಸ್ಸಿನ್ಯಾಗ ಕುಂತಂಗ ಆಗೇತಿ ನಮ್ಮ ಬಾಳೇವು. ಯಾರ ಮಾರಿ ಯಾರಿಗೂ ಕಾಣೂದಿಲ್ಲ" ಎಂದಳು.

ಚಾಚಿಗೆ ಮನೆ ತಿರುಗುವುದು ಗೊತ್ತಾಗಲಿ ಎಂದು ಅವ್ವ ನಮ್ಮ ಮನೆಯ ಬೆನ್ನಿಗೆ, ಅವಳ ಕಣ್ಣೆದುರಿಗೇ, ಕೌದಿ ಕಟ್ಟಿದ್ದಳು. ಗಾಳಿ ಮೊದಲು ಬಟ್ಟೆಯನ್ನು ಎತ್ತುತ್ತದೆ, ಆಮೇಲೆ ಮನೆಯನ್ನು. ಕೌದಿ ಹಾರಿತೆಂದರೆ ಕಾಲು ಎತ್ತು, ಇಷ್ಟೇ ಸಂಕೇತ. ಆದರೆ ಕೌದಿ ಮನೆಯನ್ನೇ ತಿರುಗಿಸಿಬಿಟ್ಟಿತು. ಬಾವುಟ ಹಿಂದೆ ಹೋಯಿತು, ಬಾವುಟ ಕಟ್ಟಿದವಳು ಮುಂದೆ ಬಂದಳು.

"ನನಗೂ ತಿಳೀಲಿಲ್ಲಪಾ ಯಾಕ ಹಿಂಗಾತು ಅಂತ. ನೋಡಿದ್ರ ಎದುರಿಗೆ ಹುಸೇನಾ ಕುಂತಾಳ! ಕೌದಿ ಕಾಣದಿದ್ರೇನಾತು, ನಾ ಕಾಣ್ತೀನಲ್ಲ ಅಂತ, ಗಾಳಿ ಮಾರೀಗೆ ಬಡದ ಕೂಡ್ಲೆ ಕೈ ಎತ್ತಿ ತೋರಿಸಾಕತ್ತಿದೆ."

"ನಮ್ಮ ಮನಿ ಹೊಕ್ಕೈತಿ ಅವ್ವಾ. ಮಗ್ಗಲಾದ್ರ ಜೀವಾನ ಹೊಕ್ಕೈತಿ."

"ಕೌದಿ ತಗದ್ರ ಅಕಿ ಕಾಲ ಹೊಕ್ಕಾವ. ನೀ ಕಲತಂವ, ನೀನ ಹೇಳು, ಯಾವದ ತಗೀಲಿ?"

ನಾನು ಕಲಿತದ್ದರಲ್ಲಿ ಇದು ಎಲ್ಲಿಯೂ ಇರಲಿಲ್ಲ. ಮೇಡಂಗೆ ನಿಜ ಹೇಳಿದರೆ ಚಾಚಿ ಮನೆ ಕಳೆದುಕೊಳ್ಳುತ್ತಾಳೆ. ಹೇಳದಿದ್ದರೆ ನಮ್ಮ ಮನೆಗೆ ಬೋಲ್ಟು. ಗುಡ್ಡ ಹತ್ತುತ್ತ ಎರಡನ್ನೂ ತೂಗಿದೆ. ಮೇಲೆ ಮುಟ್ಟುವ ಹೊತ್ತಿಗೆ ನಾನೂ ಹನ್ನೆರಡನೇ ನಂಬರಿನಂತೆ ತೂಗಾಡುತ್ತಿದ್ದೆ.

"ಎಂತ ಸಿಕ್ಕಿತು?" ಮೇಡಂ ಕೇಳಿದರು.

"ಏನಿಲ್ರಿ. ಪರೀಕ್ಷಾ ದಿನ ಸರಿ ಹೊಕ್ಕೈತಿ" ಎಂದೆ. ನನ್ನದೇ ದನಿಯಲ್ಲಿ ಸುಳ್ಳು ಹೇಳುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು.

ಸಮಿತಿ ಬರುವ ದಿನ ಬೆಳಿಗ್ಗೆ ಅವ್ವನ ಕಾಲು ಹಿಡಿದು ಕೌದಿ ತೆಗೆಸಿದೆ. ಈ ಒಂದು ದಿನದ ಮಟ್ಟಿಗೆ ಅವ್ವ ಹದಿಮೂರನೆಯ ಹೊಸ್ತಿಲಲ್ಲಿ, ಗೆಳತಿಯ ಪಕ್ಕದಲ್ಲೇ ಕೂತಿರುವುದು ಎಂದು ಒಪ್ಪಂದವಾಯಿತು. ಒಳ್ಳೆಯ ಯೋಜನೆ. ಸಮಿತಿಯ ಮುಖ್ಯಸ್ಥರಾದ ನಾಡಗೌಡರು ಜೀಪಿನಿಂದ ಇಳಿದ ತಕ್ಷಣ ಅದು ಕೆಟ್ಟಿತು.

"ಎಲ್ಲಾರೂ ಅವರವರ ಮನಿಯೊಳಗ ಇರಬೇಕ್ರಿ. ಬದುಕು ಹೆಂಗ ನಡೀತೈತೋ ಹಂಗ ನಡೀಲಿ" ಎಂದರು ಅವರು. ಅವ್ವನನ್ನು ನಯವಾಗಿ ಎಬ್ಬಿಸಿ ನಮ್ಮ ಮನೆಗೆ ಕಳಿಸಿದರು. ಅವ್ವನ ಬಾಗಿಲು ಮೂಡಣಕ್ಕೆ. ಅವಳಿಗೆ ಕಾಣುವುದು ಹನ್ನೊಂದನೇ ಮನೆಯ ಬೆನ್ನು.

ನಾನು ಗುಡ್ಡದ ಮೇಲೆ, ಕಿಟಕಿಯಲ್ಲಿ, ಪರೀಕ್ಷೆಗೆಂದೇ ತರಿಸಿದ ದುರ್ಬೀನು ಹಿಡಿದು ಕೂತಿದ್ದೆ. ಮೇಡಂ ಕೆಳಗೆ ಸಮಿತಿಯ ಜೊತೆ. ಅವರ ಕೈಯಲ್ಲೊಂದು, ನಾಡಗೌಡರ ಕೈಯಲ್ಲೊಂದು ವಾಕಿಟಾಕಿ. ಪರೀಕ್ಷೆಯ ರೀತಿ ಹೀಗೆ: ಎಲ್ಲ ಮನೆಗಳಿಗೂ ಬ್ರೇಕು ಹಾಕಿ ಹಿಡಿದಿಡುವುದು. ಗಾಳಿ ದಿಕ್ಕು ಬದಲಿಸಿ ರಭಸ ಪಡೆದಾಗ ಎಚ್ಚರಿಕೆ ಕೂಗಿಸಿ ಒಮ್ಮೆಗೇ ಬಿಡುವುದು. ಆಗ ಮನೆ ಗೇಣಲ್ಲ, ಕಾಲು ಸುತ್ತು ತಿರುಗುತ್ತದೆ.

ಮೇಡಂ ಓಣಿಯ ತುದಿಯಿಂದ, "ಎಲ್ಲರೂ ಒಳಗೆ ಹೋಗಿ, ಕಾಲು ಮೇಲೆ ತಗೊಳ್ಳಿ" ಎಂದು ಕೂಗುತ್ತ ಬಂದರು. ಎಲ್ಲರೂ ಹೋದರು. ಚಾಚಿ ತಲೆ ಬಗ್ಗಿಸಿ ಕೌದಿ ಹೊಲಿಯುತ್ತಿದ್ದಳು. ಬೆನ್ನು ಬಾಗಿಲ ಕಂಬಕ್ಕೆ ಒರಗಿತ್ತು. ಕಾಲು ಮೆಟ್ಟಿಲಿನಿಂದ ಕೆಳಗೆ, ಕಲ್ಲುಗಳ ನಡುವೆ.

ಗಾಳಿ ಬಡಗಣಕ್ಕೆ ಹೊರಳಿತು. ಧೂಳು ಎದ್ದಿತು. "ಬಿಡಿ ಗುರುಲಿಂಗ!" ಎಂದರು ಮೇಡಂ.

ಎಚ್ಚರಿಕೆ ಕೂಗಿಸಿದೆ. ಕಂಡಕ್ಟರು, ಗಿರಣಿಯವನು, ಅವ್ವ, ಮಾಬುಸಾಬ, ಎಲ್ಲರೂ ಒಮ್ಮೆಗೇ ಅರಚಿದರು. ಊರಿಗೆ ಊರೇ ನನ್ನ ಬಾಯಿಂದ ಮಾತನಾಡುತ್ತಿತ್ತು. ಚಾಚಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಬ್ರೇಕು ಬಿಟ್ಟೆ, ಹದಿಮೂರರದೊಂದನ್ನು ಬಿಟ್ಟು. ಮನೆಗಳೆಲ್ಲ ಒಟ್ಟಿಗೆ ತಿರುಗಿದವು. ನಮ್ಮ ಹನ್ನೆರಡನೆಯದೂ ವಿಧೇಯ ವಿದ್ಯಾರ್ಥಿಯಂತೆ ತಿರುಗಿತು. ಹದಿಮೂರು ಮಾತ್ರ ಅಡ್ಡಗಾಳಿಗೆ ಮಗ್ಗುಲು ಕೊಟ್ಟು ಗಡಗಡ ನಡುಗುತ್ತ ನಿಂತಿತು.

"ಹದಿಮೂರು ಯಾಕೆ ನಿಂತಿತು?" ಮೇಡಂ.

"ಬ್ರೇಕ್ ಹಿಡಕೊಂಡೈತ್ರಿ" ಎಂದೆ.

ನಾಡಗೌಡರು ಹದಿಮೂರರ ಮುಂದೆ ಹೋಗಿ ನಿಂತರು. ಅವರ ವಾಕಿಟಾಕಿ ತೆರೆದೇ ಇತ್ತು.

"ಅಮ್ಮಾರ, ಕಾಲ ಮ್ಯಾಲ ತಗೋರಿ. ಮನಿ ತಿರಗತೈತಿ" ಎಂದರು. ಅವರ ದಟ್ಟ ಮೀಸೆ ತುಟಿಯನ್ನು ಪೂರ್ತಿ ಮುಚ್ಚಿತ್ತು.

ಚಾಚಿ ತಲೆ ಎತ್ತಿ, ಮೀಸೆಯನ್ನು ನೋಡಿ, ನಕ್ಕಳು. "ಹೂಂ, ಆತ್ರಿ ಸಾಹೇಬ್ರ. ನಿಮ್ದು?"

"ಏನು?" ನಾಡಗೌಡರ ಹುಬ್ಬು ಮೇಲೇರಿತು.

"ಚಾ."

ನಾಡಗೌಡರಿಗೆ ಗೊಂದಲವಾಯಿತು. ಒಪ್ಪಿಗೆ ಸಿಕ್ಕಿದೆಯೆಂದು ತಿಳಿದು ವಾಕಿಟಾಕಿ ಬಾಯಿಗೆ ಹಿಡಿದರು. "ಆತಂತ. ಬ್ರೇಕ್ ಬಿಡ್ರಿ. ಕೈಲೆ ಬಿಡಾಕ ಬರ್ತೈತಿಲ್ಲೋ ಇಲ್ಲೆ ಕೆಳಗ? ನಮ್ಮ ಹುಡುಗ್ರು ಬಿಡ್ತಾರ ತಡೀರಿ." ಅವರ ಇಬ್ಬರು ಸಿಬ್ಬಂದಿ ಮನೆಯ ಕೆಳಗಿನ ಸನ್ನೆಗೋಲಿಗೆ ಕೈ ಹಾಕಿದರು.

ಆಗ ನನ್ನ ಬಾಯಿಂದ ಬಂದದ್ದು ನನ್ನ ದನಿಯಲ್ಲ. "ಬೇಡ ಬೇಡ, ಮುಟ್ಲಿಕ್ಕಿಲ್ಲ! ಎಂತ ಮಾಡ್ತಾ ಇದ್ದೀರಿ ಮಾರಾಯ್ರೆ, ಕೈ ತೆಗೀರಿ!"

ಸಿಬ್ಬಂದಿ ಕೈ ತೆಗೆದರು. ನಾಡಗೌಡರು ವಾಕಿಟಾಕಿ ನೋಡಿದರು, ಎದುರಿಗೆ ಬಾಯಿ ಮುಚ್ಚಿ ನಿಂತ ಹೊಳ್ಳ ಮೇಡಂ ಅವರನ್ನು ನೋಡಿದರು, ಮತ್ತೆ ವಾಕಿಟಾಕಿ ನೋಡಿದರು. "ನೀವು... ಈಗ... ಮಾತಾಡಿದ್ರೇನ್ರಿ?"

"ನಾನಲ್ಲ" ಎಂದರು ಮೇಡಂ. ಆಮೇಲೆ ತಮಗೇ ಅನುಮಾನ ಬಂದು ಗಂಟಲು ಮುಟ್ಟಿ ನೋಡಿಕೊಂಡರು.

ಇದು ಹೆಚ್ಚು ಹೊತ್ತು ನಡೆಯುವ ಆಟವಲ್ಲ. ಹದಿಮೂರರ ನಡುಕ ಪರದೆಯಲ್ಲಿ ಕೆಂಪಗಾಗುತ್ತಿತ್ತು. ಹೀಗೇ ಹಿಡಿದಿಟ್ಟರೆ ಬ್ರೇಕೇ ಮುರಿದು ಮನೆ ತಾನಾಗಿ ತಿರುಗುತ್ತದೆ. ಬಿಟ್ಟರೂ ತಿರುಗುತ್ತದೆ. ಬೇರೇನೂ ತೋಚದೆ ಹದಿಮೂರರ ಸ್ಪೀಕರನ್ನು ಕೊನೆಯ ಗುರುತಿನ ತನಕ ಏರಿಸಿದೆ. ಕಿವುಡಿಗೆ ಜೋರಾಗಿ ಕೂಗುವ ಮೂರ್ಖತನ. ಮುದ್ರಿಸಿದ್ದನ್ನು ಹಾಕದೆ ನಾನೇ ಮೈಕಿಗೆ ಬಾಯಿಟ್ಟು, ಹೊಟ್ಟೆಯಾಳದಿಂದ ಮಾಬುಸಾಬನಾಗಿ ಕೂಗಿದೆ. "ಹುಸೇನಾಽಽ! ಹುಷಾರ್! ಕಾಲ ತಗಿ ಹುಸೇನಾ!"

ಬಿದಿರಿನ ಹಂದರ ಝೇಂಕರಿಸಿತು. ಚಾವಣಿಯಿಂದ ಕಂಬಕ್ಕೆ, ಕಂಬದಿಂದ ಹೊಸ್ತಿಲಿಗೆ ಆ ನಡುಕ ಇಳಿಯಿತು.

ಚಾಚಿಯ ಸೂಜಿ ನಿಂತಿತು. ಅವಳು ಬೆನ್ನಿನ ಹಿಂದೆ ಯಾರೋ ಬಂದರೆಂಬಂತೆ ತಿರುಗಿ ನೋಡಿದಳು. ಯಾರೂ ಇಲ್ಲ. ನಾನು ಇನ್ನೊಮ್ಮೆ ಕೂಗಿದೆ. ಅವಳು ನಿಧಾನವಾಗಿ ಅಂಗೈಯನ್ನು ಬಾಗಿಲ ಕಂಬಕ್ಕೆ ಒತ್ತಿದಳು. ಮುಖ ಬದಲಾಯಿತು. ಮತ್ತೆ ಕೂಗಿದೆ, ದನಿ ಒಡೆಯುವ ತನಕ. ಚಾಚಿ ಎರಡೂ ಕಾಲನ್ನು ಎತ್ತಿ ಮಡಚಿಕೊಂಡು ಹೊಸ್ತಿಲ ಒಳಗೆ ಸರಿದಳು. ಬ್ರೇಕು ಬಿಟ್ಟೆ. ಮನೆ ಮೆಟ್ಟಿಲಿನಿಂದ ಕಲ್ಲುಗಳನ್ನು ಸವರಿಕೊಂಡು ಭರ್ರನೆ ಕಾಲು ಸುತ್ತು ಹೋಗಿ, ತೃಪ್ತಿಯಿಂದ ನಿಂತಿತು.

ನಾನು ಗುಡ್ಡ ಇಳಿದು ಓಡಿ ಬರುವಷ್ಟರಲ್ಲಿ ಅಲ್ಲಿ ಎಲ್ಲ ಬಯಲಾಗಿತ್ತು. ಬಯಲು ಮಾಡಿದವಳು ಅವ್ವನಲ್ಲ, ಸ್ವತಃ ಚಾಚಿ.

"ನನಗ ಕೇಳಸೂದಿಲ್ರಿ ಸಾಹೇಬ್ರ. ನೀವ್ ಏನಂದ್ರೋ ನಿಮ್ಮ ಮೀಸೀಗೆ ಗೊತ್ತು. ಮನಿ ಬಿಡು ಅಂತೀರೇನು?"

ನಾಡಗೌಡರು ಮೀಸೆ ಮುಟ್ಟಿಕೊಂಡರು. ಕೆಟ್ಟವರಲ್ಲ, ನಿಯಮದವರು. "ಎಚ್ಚರಿಕಿ ಕೇಳಸದವರಿಗೆ ಈ ಮನಿ ಅಪಾಯ ಐತಿ, ಹೊಳ್ಳ ಮೇಡಂ. ನಾ ಏನ್ ಮಾಡ್ಲಿ?"

ಮೇಡಂ ಬಾಗಿಲ ಕಂಬದ ಮೇಲೆ ಕೈಯಿಟ್ಟು ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಸ್ವರದಲ್ಲಿ ಆರ್ಡರ್ ಕೊಟ್ಟದ್ದು ಯಾರು?" ಎಂದರು.

"ನೀವ ಕೊಟ್ರಿ ಮೇಡಂ."

"ಆಮೇಲೆ ನೋಡ್ಕೊಳ್ತೇನೆ ನಿನ್ನನ್ನು. ಈಗ ಮೇಲೆ ಹೋಗಿ ಅದೇ ಕೂಗು ಮತ್ತೆ ಕೂಗು. ಯಾವಾಗ ಕೂಗ್ತಿ ಅಂತ ಯಾರಿಗೂ ಹೇಳ್ಬೇಡ."

ಹೋದೆ. ಚಾಚಿ ಎಲ್ಲರಿಗೂ ಬೆನ್ನು ಮಾಡಿ, ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ ಕೂತಳು. ನಾನು ಸುಮ್ಮನಿದ್ದೆ, ಕೆಮ್ಮಿದೆ, ಮತ್ತೆ ಸುಮ್ಮನಿದ್ದೆ, ಆಮೇಲೆ ಕೂಗಿದೆ. ಪ್ರತಿ ಕೂಗಿಗೂ ಚಾಚಿಯ ಕೈ ಮೇಲೆದ್ದಿತು. ಕೂಗದಿದ್ದಾಗ ಏಳಲಿಲ್ಲ. ನಾಡಗೌಡರು ನನ್ನನ್ನು ಇನ್ನೆರಡು ಸಲ ಸುಮ್ಮನಿರಿಸಿ ನೋಡಿದರು.

"ಕಿವಿಗೇ ಕೇಳಿಸಬೇಕು ಅಂತ ಎಲ್ಲಿ ಉಂಟು ಸರ್?" ಎಂದರು ಮೇಡಂ. "ಎಚ್ಚರಿಕೆ ಮುಟ್ಟಿದ್ರೆ ಸಾಕಲ್ವಾ? ಸ್ಪೀಕರನ್ನು ಚಾವಣಿಯಿಂದ ತೆಗೆದು ಹೊಸ್ತಿಲಿಗೇ ಹಾಕ್ತೇನೆ. ಎಲ್ಲ ಮನೆಗೂ. ನಾಳೆ ನಮಗೂ ಕಿವಿ ಹೋಗ್ತದೆ."

ನಾಡಗೌಡರು ತಾವೂ ಕಂಬಕ್ಕೆ ಅಂಗೈ ಒತ್ತಿ ನೋಡಿದರು. "ಆತ್ರಿ. ಹನ್ನೆರಡು, ಹದಿಮೂರು, ಎರಡೂ ಮನಿ ಪಾಸ್" ಎಂದರು. ಈ ಸಲ ಚಾಚಿಗೆ ತಿಳಿಯಲೆಂದು ಮೀಸೆಯನ್ನು ಬೆರಳಿನಿಂದ ಮೇಲೆತ್ತಿ ಹಿಡಿದಿದ್ದರು.

ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಅವ್ವ ಮಡಚಿದ ಕೌದಿಯನ್ನು ಬಗಲಲ್ಲಿ ಹಿಡಿದುಕೊಂಡು ಬಂದಳು. "ಬಿದಿರು ಎಲ್ಲಿ ಒಯ್ದಿಟ್ಟಿಯೋ ಗುರ್ಯಾ?"

"ಮತ್ಯಾಕ ಅವ್ವಾ? ಎಚ್ಚರಿಕಿ ಸರಿ ಹೋತಲ್ಲ!"

"ಮನಿ ತಿರಗೂದು ಅಕಿಗೆ ತಿಳೀತೈತಿ. ನಾ ಮಾತಾಡೂದು ಹೆಂಗ ತಿಳೀಬೇಕು? ಅಕಿ ನನ್ನ ಮನಿ ಬೆನ್ನ ನೋಡಿ ನಗಬೇಕೇನು?"

ಮೇಡಂಗೆ ಆಗ ಕೌದಿಯ ಕಥೆ ಪೂರ್ತಿ ಹೇಳಬೇಕಾಯಿತು. ಅವರು ಕೇಳಿದರು, ಕೌದಿಯನ್ನು ಬಿಡಿಸಿ ಗಾಳಿಗೆ ಹಿಡಿದು ನೋಡಿದರು, ನಮ್ಮ ಮನೆಯನ್ನು ಒಂದು ಸುತ್ತು ಹಾಕಿದರು. ಬೈಯುತ್ತಾರೆಂದು ಕಾದೆ. "ಇಷ್ಟೂ ದಿನ ನಾನು ಸೆನ್ಸರ್ ಬದಲಿಸ್ತಾ ಕೂತದ್ದು ನೋಡಿ" ಎಂದು ತಮ್ಮಷ್ಟಕ್ಕೆ ನಕ್ಕರು.

ಅವರು ಮಾಡಿದ್ದು ಇಷ್ಟು: ಹನ್ನೆರಡನೇ ನಂಬರಿನ ಎರಡೂ ಕಿವಿಗಳನ್ನು ಮುಂದಿನಿಂದ ಕಿತ್ತು ಹಿಂದೆ ಹಚ್ಚಿದರು. ಬಾಗಿಲಿಗೆ ಗಾಳಿ ತಡೆಯುವ ಚೂಪು ಮಾಡು ಇಟ್ಟರು, ಬಿರುಗಾಳಿಗೆ ಇಳಿಬಿಡಲು ಗಟ್ಟಿ ಕದ. ಈಗ ನಮ್ಮ ಮನೆ ತೂಗಾಡುವುದಿಲ್ಲ. ಓಣಿಯ ಎಲ್ಲ ಮನೆಗಳೂ ಗಾಳಿಗೆ ಬೆನ್ನು ಕೊಟ್ಟರೆ ಇದು ಮುಖ ಕೊಡುತ್ತದೆ, ಅಷ್ಟೇ. ಪಡುವಣ ಗಾಳಿಯ ತಿಂಗಳುಗಳಲ್ಲಿ ಅವ್ವ, ಚಾಚಿ ಎದುರುಬದುರು. ಕಾರ್ತಿಕದಲ್ಲಿ ಮೂಡಗಾಳಿ ಬಂದರೆ ಎರಡೂ ಮನೆ ಬೆನ್ನಿಗೆ ಬೆನ್ನು. ಅದನ್ನು ಹೇಗೆ ಸರಿಮಾಡುವುದೆಂದು ಮೇಡಂ ತಲೆ ಕೆಡಿಸಿಕೊಂಡಾಗ ಅವ್ವ, "ಇರಲಿ ಬಿಡವ್ವಾ, ಜಗಳಕ್ಕೂ ಒಂದಿಷ್ಟು ತಿಂಗಳು ಬೇಕಲ್ಲ" ಎಂದಳು. ಈಗ ಓಣಿಯಲ್ಲಿ ಇನ್ನೂ ನಾಲ್ಕಾರು ಮನೆಯವರು ತಮ್ಮ ಕಿವಿಗಳನ್ನೂ ಹಿಂದೆ ಹಚ್ಚಿಕೊಡಿ ಎಂದು ಗಂಟುಬಿದ್ದಿದ್ದಾರೆ. ಯಾರಿಗೆ ಯಾರ ಮುಖ ಬೇಕು, ಯಾರ ಬೆನ್ನು ಬೇಕು ಎಂಬ ಲೆಕ್ಕಾಚಾರದಲ್ಲಿ ಪರದೆಯ ಮುಳ್ಳುಗಳೆಲ್ಲ ಸಂತೆಗೆ ಹೋದವರಂತೆ ದಿಕ್ಕಿಗೊಂದು ನೋಡುತ್ತವೆ. ನಾನು ಮತ್ತೆ ಗೊಂದಲದಲ್ಲಿದ್ದೇನೆ.

ಹೊಸ್ತಿಲಿಗೆ ಸ್ಪೀಕರು ಕೂಡಿಸಿದ ದಿನ ಚಾಚಿಯ ಮನೆಗೆ ಬೇರೆ ದನಿ ಹಾಕಲೇ ಎಂದು ಕೇಳಿದೆ. ಮುಖ ಎದುರಿಟ್ಟು, ತುಟಿ ಬಿಡಿಸಿ ಕೇಳಿದೆ. ಹೆಂಗಸಿನ ದನಿ, ಮೆತ್ತಗಿನ ದನಿ, ಯಾವುದಾದರೂ. ಅವಳಿಗೆ ಹೇಗೂ ಗೊತ್ತಾಗುವುದಿಲ್ಲವಲ್ಲ ಎಂಬುದು ನನ್ನ ಮನಸ್ಸಿನಲ್ಲಿತ್ತು. ಅದನ್ನೂ ಅವಳು ತುಟಿಯಿಂದಲೇ ಓದಿರಬೇಕು.

"ಬ್ಯಾಡ ಬೇಟಾ" ಎಂದಳು. "ಅಂವಾ ಟಾಂಗಾದ ಮ್ಯಾಲ ಕುಂತು ಒದರಿದ್ರ ಹಿಂದ ಕುಂತ ನನ್ನ ಬೆನ್ನೆಲ್ಲಾ ಹಿಂಗ ಝುಂ ಅಂತಿತ್ತು."

ಗಾಳಿ ಎದ್ದಿತು. ಎದುರು ಹೊಸ್ತಿಲಲ್ಲಿ ಅವ್ವ ಅಭ್ಯಾಸಬಲದಿಂದ ಎರಡೂ ಕೈ ಎತ್ತಲು ಹೋಗಿ, ನೆನಪಾಗಿ, ಮಡಿಲಲ್ಲಿ ಇಟ್ಟುಕೊಂಡಳು. ಚಾಚಿಯ ಹೊಸ್ತಿಲು ನಡುಗಿತು. ಅವಳು ಕಾಲೆತ್ತಿ ಮಡಚಿಕೊಂಡು, ಕಂಬವನ್ನು ಎರಡು ಸಲ ತಟ್ಟಿ, ಯಾರಿಗೋ ಹೇಳಿದಳು:

"ಹೂಂ, ಹೂಂ. ಕೇಳಿಸ್ತು. ನಡಿ."